ಎಡಗಾಲಿಗೆ ಕೆಲಸವಿಲ್ಲ

2 ನವೆಂಬರ್ 2025, ಭಾನುವಾರ

ಇಪ್ಪತ್ತಾರು ವರ್ಷ ಭದ್ರಾವತಿಯ ಕಾರ್ಖಾನೆ ಆಸ್ಪತ್ರೆಯ ಆಂಬುಲೆನ್ಸ್ ಓಡಿಸಿದ ನನಗೆ ಇವತ್ತು ಮಗಳು ಕಾರು ಓಡಿಸುವುದನ್ನು ಹೇಳಿಕೊಟ್ಟಳು. ಗ್ರಹಚಾರ ಅನ್ನದೆ ಇನ್ನೇನು ಅನ್ನಲಿ.

ಪ್ರಿಯದರ್ಶಿನಿ ಬೆಳಿಗ್ಗೆಯೇ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ತನ್ನ ಕಾರು ತಂದಿದ್ದಳು. ಗೇರ್ ತಾನೇ ಹಾಕಿಕೊಳ್ಳುವ ಕಾರು. ಎರಡೇ ಪೆಡಲ್, ಕ್ಲಚ್ ಇಲ್ಲ. ಗೇರ್ ಕಡ್ಡಿಯ ಪಕ್ಕ ಆರ್, ಎನ್, ಡಿ, ಎಂ ಎಂದು ನಾಲ್ಕು ಇಂಗ್ಲಿಷ್ ಅಕ್ಷರ.

"ಡಿಗೆ ಹಾಕಿ ಬ್ರೇಕ್ ಬಿಡಿ, ಅಷ್ಟೇ ಅಪ್ಪಾಜಿ. ಎಂ ಅಂದ್ರೆ ನಾವೇ ಗೇರ್ ಬದಲಾಯಿಸ್ಕೊಳ್ಳೋದು, ಅದು ನಿಮಗೆ ಬೇಡ. ಎಡಗಾಲಿಗೆ ಕೆಲಸ ಇಲ್ಲ, ಸುಮ್ನೆ ಪಕ್ಕಕ್ಕೆ ಇಟ್ಕೊಳ್ಳಿ."

"ಕೆಲಸ ಇಲ್ಲದ ಕಾಲನ್ನ ಮನೇಲೇ ಬಿಟ್ಟು ಬರ್ಲಾ?" ಅಂದೆ. ಅವಳು ನಗಲಿಲ್ಲ.

ಮೂರು ವರ್ಷದ ಹಿಂದೆ ನನ್ನ ಹೆಂಡತಿಗೆ ಎದೆಯ ಗಡ್ಡೆ ತೆಗೆಸಿದ್ದೆವು. ಮುಗಿಯಿತು ಅಂದುಕೊಂಡಿದ್ದೆವು. ಈಗ ಅದೇ ಬೆನ್ನುಮೂಳೆಗೆ ಬಂದಿದೆಯಂತೆ. ನಾಳೆಯಿಂದ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹತ್ತು ದಿನ ಕರೆಂಟ್, ಅಂದರೆ ರೇಡಿಯೇಷನ್, ಕೊಡುತ್ತಾರೆ, ಶನಿವಾರ ಭಾನುವಾರ ಬಿಟ್ಟು. ಮಗಳ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಅಲ್ಲಿ ಉಳಿಯುವಂತಿಲ್ಲ. ನನ್ನ ಹಳೇ ವ್ಯಾನಿನ ಸೀಟು ಹಲಗೆಯ ಹಾಗಿದೆ. ಈ ಕಾರಿನ ಸೀಟು ಹಿಂದಕ್ಕೆ ಪೂರ್ತಿ ಮಲಗುತ್ತದೆ.

ಆಂಬುಲೆನ್ಸ್ ಗೊತ್ತು ಮಾಡುತ್ತೇನೆ, ಅಮ್ಮ ಆರಾಮಾಗಿ ಮಲಗಿಕೊಂಡು ಬರಲಿ ಅಂತ ಮಗಳು ಹೇಳಿದಳು. ನನಗೆ ಸಿಟ್ಟು ಬಂತು. ಕೈ ಮುರಿದವರು, ಸುಟ್ಟವರು, ತುಂಬು ಬಸುರಿಯರು ಎಲ್ಲರನ್ನೂ ಕರೆದುಕೊಂಡು ಹೋದವನು ನಾನು. ನನ್ನ ಹೆಂಡತಿಗೆ ಇನ್ಯಾವನೋ ಡ್ರೈವರ್ ಬೇಕಾ? "ನಾನ್ ಸತ್ ಮೇಲೆ ಕರೆಸು ಆಂಬುಲೆನ್ಸು" ಅಂದುಬಿಟ್ಟೆ. ಇವಳು ಅಡುಗೆಮನೆಯಿಂದ "ಅವರೇ ಓಡಿಸ್ಲಿ ಬಿಡೇ" ಅಂದಳು.

ನಿವೃತ್ತನಾದಾಗ ಖಾಲಿ ಲಾಗ್ ಬುಕ್ ಮೂರು ಮನೆಗೆ ತಂದಿದ್ದೆ. ಒಂದನ್ನು ತೆಗೆದಿದ್ದೇನೆ. ಎಷ್ಟು ಗಂಟೆಗೆ ಹೊರಟಿದ್ದು, ತಲುಪಿದ್ದು, ಕಿಲೋಮೀಟರ್, ಪೇಷಂಟ್ ಹೆಸರು, ಕೊನೆಗೆ ಷರಾ. ನಮ್ಮಲ್ಲಿ ಒಂದು ನಿಯಮವಿತ್ತು. ಷರಾದಲ್ಲಿ ಸುಳ್ಳು ಬರೆಯಬಾರದು. ತಪ್ಪಾದರೆ ಅಳಿಸಬಾರದು, ಮೇಲೆ ತಿದ್ದಬಾರದು. ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ನಾನು ಇಪ್ಪತ್ತಾರು ವರ್ಷದಲ್ಲಿ ಒಂದು ಗೆರೆಯನ್ನೂ ಎಳೆದವನಲ್ಲ.

3 ನವೆಂಬರ್, ಸೋಮವಾರ

ಹೊರಟಿದ್ದು 8.10. ತಲುಪಿದ್ದು 8.55. ವಾಪಸ್ ಮನೆಗೆ 12.40. ಒಟ್ಟು 41 ಕಿ.ಮೀ. ಪೇಷಂಟ್: ಪದ್ಮಮ್ಮ, 57 ವರ್ಷ.

ಹೋಗುವಾಗ ಏನೂ ತೊಂದರೆ ಇರಲಿಲ್ಲ. ಕಾರು ಮಾತ್ರ ನನಗೆ ಒಗ್ಗಲಿಲ್ಲ. ಗೇರ್ ಬದಲಾಗುವಾಗಲೆಲ್ಲ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಆಮೇಲೆ ಹಿಂದಿನಿಂದ ಯಾರೋ ನೂಕಿದ ಹಾಗೆ ಮುಂದಕ್ಕೆ ಹೋಗುತ್ತದೆ. ಇದಕ್ಕೆ ಲಕ್ಷಗಟ್ಟಲೆ ಕೊಟ್ಟಿದ್ದಾಳೆ ಮಹಾತಾಯಿ.

ಆಸ್ಪತ್ರೆಯಲ್ಲಿ ಮಗಳು ಬ್ಯಾಂಕಿಗೆ ಒಂದು ಗಂಟೆ ತಡ ಹೇಳಿ ಬಂದಿದ್ದಳು. ಕರೆಂಟ್ ಕೊಟ್ಟಿದ್ದು ಹತ್ತೇ ನಿಮಿಷ, ಕಾದಿದ್ದು ಎರಡು ಗಂಟೆ.

ವಾಪಸ್ ಬರುವಾಗ ಮಾಚೇನಹಳ್ಳಿ ಹತ್ತಿರ ಮುಂದೆ ಹೋಗುತ್ತಿದ್ದ ಲಾರಿ ನಿಧಾನವಾಯಿತು. ತುಂಬ ದೂರವಿತ್ತು. ಅವಸರವೇ ಇರಲಿಲ್ಲ. ಮೂರರಿಂದ ಎರಡಕ್ಕೆ ಇಳಿಸೋಣ ಅಂತ ಕೈ ಗೇರಿಗೆ ಹೋಯಿತು, ಎಡಗಾಲು ಕ್ಲಚ್ಚಿಗೆ ಹೋಯಿತು. ಅಲ್ಲಿ ಕ್ಲಚ್ ಇಲ್ಲ. ಅಗಲವಾದ ಬ್ರೇಕ್ ಪೆಡಲ್ಲಿನ ಮೇಲೆ ಕ್ಲಚ್ ತುಳಿಯುವ ಹಾಗೆ ಪೂರ್ತಿ ಭಾರ ಹಾಕಿ ತುಳಿದೆ. ಕಾರು ಗೋಡೆಗೆ ಹೊಡೆದ ಹಾಗೆ ನಿಂತಿತು. ಇವಳು ಮುಂದಕ್ಕೆ ಹಾರಿ, ಬೆಲ್ಟಿಗೆ ಸಿಕ್ಕಿ, ಹಿಂದಕ್ಕೆ ಬಿದ್ದಳು. ಬಾಯಿಂದ ಒಂದು ಶಬ್ದ ಬಂತು. ಮೂವತ್ತೆರಡು ವರ್ಷದಲ್ಲಿ ಇವಳಿಂದ ಅಂಥ ಶಬ್ದ ಕೇಳಿರಲಿಲ್ಲ, ಹೆರಿಗೆಯಲ್ಲೂ.

"ನಾಯಿ ಅಡ್ಡ ಬಂತು ಕಣೇ," ಅಂದೆ. ಯೋಚನೆಯನ್ನೂ ಮಾಡದೆ ಬಾಯಿಗೆ ಬಂತು. ಕಾರಿನಲ್ಲಿ ಕೂತರೆ ಕಣ್ಣು ಮುಚ್ಚಿಕೊಳ್ಳುವುದು ಇವಳ ಅಭ್ಯಾಸ. ನೋಡಿರಲಿಕ್ಕಿಲ್ಲ. ಸಂಜೆ ಮಗಳು ಫೋನ್ ಮಾಡಿದಾಗ ಅವಳಿಗೂ ನಾಯಿಯ ಕಥೆಯನ್ನೇ ಹೇಳಿದೆ.

ಷರಾ: ನಾಯಿ ಇರಲಿಲ್ಲ.

4 ನವೆಂಬರ್, ಮಂಗಳವಾರ

ಹೊರಟಿದ್ದು 8.05. ತಲುಪಿದ್ದು 9.00.

ಇವಳಿಗೆ ನೋವು ಜಾಸ್ತಿ. ಹಾಸಿಗೆಯಿಂದ ಏಳುವುದಕ್ಕೆ ಪಕ್ಕದ ಮನೆಯ ವಿಶಾಲಮ್ಮ ಬರಬೇಕಾಯಿತು. ಎರಡು ಮಾತ್ರೆ ಹೆಚ್ಚಿಗೆ ನುಂಗಿದಳು.

ಹಾಲೇಶನ ಗ್ಯಾರೇಜಿಗೆ ಹೋಗಿದ್ದೆ. ಆಂಬುಲೆನ್ಸಿನ ಕಾಲದಿಂದ ಗೊತ್ತಿರುವ ಮೆಕ್ಯಾನಿಕ್. ಕಾರಿನದೇ ತಪ್ಪು ಎಂಬಂತೆ ಕೇಳಿದೆ. ಅವನಿಗೆ ಅರ್ಥವಾಗಿಬಿಟ್ಟಿತು.

"ಎಡಗಾಲಲ್ಲಿ ಬ್ರೇಕ್ ತುಳಿದ್ರಾ ಷಣ್ಮುಖಣ್ಣ? ಎಲ್ಲಾ ಹಳೇ ಡ್ರೈವರ್‌ಗಳೂ ಒಂದ್ಸಲ ಮಾಡ್ತಾರೆ ಮಾರಾಯ್ರೆ. ಹೊಸಬರು ಮಾಡಲ್ಲ. ಎಡಗಾಲಿನ ಚಪ್ಪಲಿ ಬಿಚ್ಚಿ, ಕಾಲನ್ನ ಸೀಟಿನ ಕೆಳಗೆ ಮಡಚಿಟ್ಕೊಳ್ಳಿ."

ಹೊಸಬರು ಮಾಡಲ್ಲವಂತೆ. ಚೆನ್ನಾಗಿ ಓಡಿಸಿದವನಿಗೇ ಈ ಕಾಯಿಲೆ.

ಮಡಚಿಟ್ಟುಕೊಂಡು ಓಡಿಸಿ ನೋಡಿದೆ. ರಂಗಪ್ಪ ಸರ್ಕಲ್ ದಾಟುವಷ್ಟರಲ್ಲಿ ಎರಡು ಸಲ ಕಾಲು ತಾನಾಗಿ ಮುಂದಕ್ಕೆ ಬಂತು. ಇವಳ ಹಳೇ ಸೀರೆಯ ಅಂಚು ಹರಿದು, ಪಾದವನ್ನು ಸೀಟಿನ ಕಾಲಿಗೆ ಕಟ್ಟಿಹಾಕಿದ್ದೇನೆ. ಕಳ್ಳದನವನ್ನು ಕಟ್ಟಿದ ಹಾಗೆ.

6 ನವೆಂಬರ್, ಗುರುವಾರ

ನಾಲ್ಕನೇ ಸಲ. ಇವಳ ಬಲಗೈ ನನ್ನ ಪಕ್ಕದಲ್ಲೇ ಇರುತ್ತದೆ. ಗೇರ್ ಬದಲಾಗಿ ಕಾರು ಜಗ್ಗಿದಾಗಲೆಲ್ಲ ಆ ಕೈಯ ಬೆರಳು ಸೀಟಿನ ಅಂಚನ್ನು ಹಿಡಿಯುತ್ತದೆ. ಹಲ್ಲಿನ ಸಂದಿಯಿಂದ ಸಣ್ಣಗೆ ಸ್ ಅನ್ನುತ್ತಾಳೆ. ಹೋಗುವಾಗ ಎಣಿಸಿದೆ. ಮನೆಯಿಂದ ಆಸ್ಪತ್ರೆಯವರೆಗೆ ತೊಂಬತ್ತೇಳು ಸಲ. ವಾಪಸ್ ಬರುವಾಗ ಎಣಿಸಲು ಧೈರ್ಯ ಬರಲಿಲ್ಲ.

ಆಂಬುಲೆನ್ಸಿನಲ್ಲಿ ಪೇಷಂಟ್ ಹಿಂದೆ ಇರುತ್ತಿದ್ದರು. ನಡುವೆ ಗಾಜು. ಅವರ ಬೆರಳು ಏನು ಮಾಡುತ್ತಿತ್ತೋ ನಾನು ನೋಡಿದವನಲ್ಲ.

ಸಂಜೆ ಮತ್ತೆ ಹಾಲೇಶನ ಹತ್ತಿರ. ಈ ಸಲ ಸುತ್ತುಬಳಸಿ ಕೇಳಲಿಲ್ಲ, "ನಮ್ಮನೆಯವಳಿಗೆ ಜಗ್ಗಬಾರದು, ಏನ್ ಮಾಡ್ಲಿ ಹೇಳು" ಅಂದೆ.

"ಕ್ಲಚ್ ಇಲ್ಲ ಅಂತಲ್ಲ ಅಣ್ಣ, ಒಳಗಿದೆ. ಅದನ್ನ ಒತ್ತೋಕೆ ಒಂದು ಮಿಷನ್ ಕೂರಿಸಿದಾರೆ ಅಷ್ಟೇ. ನೀವು ವ್ಯಾನಲ್ಲಿ ಗೇರ್ ಹಾಕುವಾಗ ಏನ್ ಮಾಡ್ತೀರಿ? ಆಕ್ಸಲರೇಟರಿಂದ ಕಾಲು ತೆಗೀತೀರಿ ತಾನೆ? ಇದ್ರಲ್ಲಿ ತೆಗೆಯೋಲ್ಲ. ಒತ್ಕೊಂಡೇ ಇರ್ತೀರಿ. ಮಿಷನ್ ಕ್ಲಚ್ ಬಿಟ್ಟಾಗ ಜಗ್ಗದೆ ಇನ್ನೇನ್ ಮಾಡುತ್ತೆ? ಅದು ಬದಲಾಯಿಸೋ ಹೊತ್ತಿಗೆ ನೀವೂ ಒಂಚೂರು ಕಾಲು ಎತ್ತಿ."

"ಅದು ಯಾವಾಗ ಬದಲಾಯಿಸುತ್ತೆ ಅಂತ ನನಗೇನ್ ಗೊತ್ತು?"

"ಶಬ್ದ ಕೇಳ್ಸುತ್ತಲ್ಲ ಅಣ್ಣ. ಕೇಳಿ. ಇಲ್ಲಾಂದ್ರೆ 'ಎಂ'ಗೆ ಹಾಕ್ಕೊಂಡು ನೀವೇ ಬದಲಾಯಿಸಿ. ಮುಂದಕ್ಕೆ ತಳ್ಳಿದ್ರೆ ಒಂದು, ಹಿಂದಕ್ಕೆಳೆದ್ರೆ ಒಂದು."

ಕೇಳಿ, ಅಂದ. ನನ್ನ ಮೇಲೆ ಮನೆಯಲ್ಲಿ ಮೊದಲಿನಿಂದಲೂ ಇರುವ ದೂರು ಅದೇ.

8 ನವೆಂಬರ್, ಶನಿವಾರ

ಕರೆಂಟಿಗೆ ರಜೆ. ಇವಳನ್ನು ವಿಶಾಲಮ್ಮನ ಹತ್ತಿರ ಬಿಟ್ಟು ಕಾರು ತೆಗೆದೆ. ಎಲ್ಲಿಗೆ ಅಂತ ಕೇಳಿದಳು. ಪೆಟ್ರೋಲ್ ಹಾಕಿಸಿ ಬರ್ತೀನಿ ಅಂದೆ.

ನನಗೆ ಆಂಬುಲೆನ್ಸ್ ಕಲಿಸಿದ ಮೂರ್ತಪ್ಪನವರು ಒಂದು ಪರೀಕ್ಷೆ ಇಡುತ್ತಿದ್ದರು. ಖಾಲಿ ಸ್ಟ್ರೆಚರಿನ ಮೇಲೆ ಕಂಠದವರೆಗೆ ನೀರು ತುಂಬಿದ ಲೋಟ. ನ್ಯೂಟೌನಿಂದ ಹೊರಟು ಸೇತುವೆ ದಾಟಿ ವಾಪಸ್ ಬರುವಷ್ಟರಲ್ಲಿ ಎಷ್ಟು ಉಳಿಯಿತು ಎಂದು ನೋಡುತ್ತಿದ್ದರು. ನಾನು ಮೂರನೇ ದಿನಕ್ಕೇ ಪಾಸಾಗಿ, ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಇವತ್ತು ಇವಳ ಸೀಟಿನಲ್ಲಿ, ಇವಳ ದಿಂಬಿನ ಮೇಲೆ ತಟ್ಟೆ ಇಟ್ಟು, ಅದರಲ್ಲಿ ಸ್ಟೀಲ್ ಲೋಟ ಇಟ್ಟೆ. ಶಿವಮೊಗ್ಗ ದಾಟಿ ಗಾಜನೂರಿನ ದಾರಿ ಹಿಡಿದೆ. ಆ ರಸ್ತೆಯಲ್ಲಿ ತಿರುವೂ ಇದೆ, ಹಂಪೂ ಇದೆ, ಯಾರೂ ಹಿಂದಿನಿಂದ ಹಾರನ್ ಹೊಡೆಯುವುದಿಲ್ಲ. ಮೊದಲ ಲೋಟ ಊರು ದಾಟುವುದರೊಳಗೇ ಖಾಲಿ. ಮತ್ತೆ ತುಂಬಿಸಿದೆ. ಡ್ಯಾಮಿನವರೆಗೆ ಹೋಗಿ ಬಂದು, ಹೋಗಿ ಬಂದು, ಒಟ್ಟು ನಾಲ್ಕು ಸಲ ಓಡಾಡಿದೆ. ಚೆಕ್‌ಪೋಸ್ಟಿನ ಹತ್ತಿರ ಟೀ ಮಾರುವವನು ಏನೋ ಕಳೆದುಕೊಂಡಿದ್ದೀರಾ ಯಜಮಾನ್ರೇ ಅಂತ ಕೇಳಿದ.

ತಿಳಿದಿದ್ದು ಇಷ್ಟು. ಡಿಯಲ್ಲಿದ್ದರೆ ಯಾವಾಗ ಬದಲಾಯಿಸಬೇಕು ಅನ್ನುವುದು ಕಾರಿನ ಇಷ್ಟ. ಹಂಪ್ ಏರುವವರೆಗೂ ಮೂರರಲ್ಲೇ ಇದ್ದು, ಏರಿದ ಮೇಲೆ ತಡವಾಗಿ ಎಚ್ಚರವಾದವರ ಹಾಗೆ ಎರಡಕ್ಕೆ ಬೀಳುತ್ತದೆ. ಆಗ ಕಾಲು ಒತ್ತಿದರೆ ಒಂದಕ್ಕೆ ಇಳಿದು ಎಗರುತ್ತದೆ. ಅದಕ್ಕೆ ಎಂ ಬೇಕು. ಹಂಪ್ ಇನ್ನೂ ದೂರವಿರುವಾಗಲೇ ಎರಡಕ್ಕೆ ತಂದುಕೊಂಡರೆ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿನ ಕೆಲಸವೇ ಇಲ್ಲ. ಹತ್ತುವಾಗ ಗೇರ್ ಬದಲಾಯಿಸಬಾರದು, ಹತ್ತಿ ಮುಗಿಸಿ ಬದಲಾಯಿಸಬೇಕು. ಒಂದರಿಂದ ಎರಡಕ್ಕೆ ಹೋಗುವುದೇ ಕಷ್ಟ. ಇಂಜಿನ್ನಿನ ಸದ್ದು ಗಂಟಲಿಗೆ ಬಂದ ಹಾಗೆ ಆದಾಗ ಬೆರಳ ತುದಿಯಷ್ಟು ಕಾಲೆತ್ತಬೇಕು, ಎರಡು ಎಣಿಸಬೇಕು, ಮತ್ತೆ ಇಡಬೇಕು.

ಕೊನೆಯ ಸಲ ಮುಕ್ಕಾಲು ಲೋಟ ಉಳಿಯಿತು. ಆ ನೀರನ್ನು ನಾನೇ ಕುಡಿದೆ.

ಇದನ್ನು ಕಳೆದ ಭಾನುವಾರ ಮಾಡಿದ್ದರೆ.

10 ನವೆಂಬರ್, ಸೋಮವಾರ

ಹೊರಟಿದ್ದು 7.45. ತಲುಪಿದ್ದು 8.50. ಆರನೇ ಸಲ.

ಮಾಚೇನಹಳ್ಳಿ ದಾಟಿ ನಿದಿಗೆಯವರೆಗೆ ಬೆರಳು ಸೀಟು ಹಿಡಿದದ್ದು ಎರಡೇ ಸಲ. ಎರಡೂ ರಸ್ತೆಯ ಗುಂಡಿ, ನನ್ನದಲ್ಲ. ಆಸ್ಪತ್ರೆ ತಲುಪುವವರೆಗೆ ಒಟ್ಟು ಒಂಬತ್ತು.

ಪದ್ಮಮ್ಮ ಕಣ್ಣು ಬಿಟ್ಟುಕೊಂಡು ಕೂತಿದ್ದಳು. "ಇವತ್ತು ಬೇರೆ ರಸ್ತೇಲಿ ಬಂದ್ರಾ?" ಅಂತ ಕೇಳಿದಳು. ಅದೇ ರಸ್ತೆ ಅಂದೆ. ರಾಜ್ಯೋತ್ಸವಕ್ಕೆ ಕಟ್ಟಿದ ಬಾವುಟ ಇನ್ನೂ ಬಿಚ್ಚಿಲ್ಲ ನೋಡಿ ಅಂದಳು. ಗಾಂಧಿ ಬಜಾರಿನಲ್ಲಿ ಮಗಳ ಮದುವೆಯ ಸೀರೆ ತೆಗೆದದ್ದು, ಅಂಗಡಿಯವನ ಜತೆ ನಾನು ಜಗಳವಾಡಿದ್ದು, ನನ್ನ ಹಿಂದೆ ನಿಂತುಕೊಂಡು ಅವಳು ಅಂಗಡಿಯವನಿಗೆ ಕೈ ಮುಗಿದು ಸನ್ನೆ ಮಾಡಿದ್ದು ಎಲ್ಲ ಹೇಳಿದಳು. ಆ ಸನ್ನೆಯ ವಿಷಯ ನನಗೆ ಇವತ್ತೇ ಗೊತ್ತಾಗಿದ್ದು.

ಆಮೇಲೆ ಕೆಳಗೆ ಬಗ್ಗಿ ನೋಡಿದಳು. "ಇದೇನ್ರೀ, ಕಾಲು ಕಟ್ಕೊಂಡಿದೀರಾ? ನನ್ನ ಸೀರೆ ಅಂಚು ಅಲ್ವಾ ಅದು?"

"ಸೆಳೆತ ಬರುತ್ತೆ. ಅದಕ್ಕೆ."

"ಹಂಗಾ," ಅಂದಳು.

ಇನ್ನು ನಾಲ್ಕು ಸಲ ಇದೆ. ನಾಲ್ಕೂ ಸಲ ಹೀಗೇ ಓಡಿಸಿದರೆ ಮೊದಲ ದಿನದ್ದು ಅಳಿಸಿಹೋಗಬಹುದು ಎಂದು ಒಂದು ಆಸೆ. ಹಾಗೆಲ್ಲ ಅಳಿಯುವುದಿಲ್ಲ ಎಂದು ಗೊತ್ತು.

11 ನವೆಂಬರ್, ಮಂಗಳವಾರ

ಬೆಳಿಗ್ಗೆ ಬಚ್ಚಲಲ್ಲಿ ಪದ್ಮ ಕುಸಿದಳು. ಬೀಳಲಿಲ್ಲ, ವಿಶಾಲಮ್ಮ ಹಿಡಿದುಕೊಂಡಿದ್ದರು. ಕಾಲು ಹತ್ತಿ ತುಂಬಿದ ಹಾಗಿದೆ ಅಂತಾಳೆ. ಚಿವುಟಿದರೆ ಎಡಗಾಲಲ್ಲಿ ಗೊತ್ತಾಗುವುದಿಲ್ಲ.

ಹೊರಟಿದ್ದು 7.20. ತಲುಪಿದ್ದು ನೋಡಿಲ್ಲ.

12 ನವೆಂಬರ್, ಬುಧವಾರ

ಆಸ್ಪತ್ರೆಯಲ್ಲೇ ಇದ್ದೇವೆ. ಅಡ್ಮಿಟ್ ಮಾಡಿಕೊಂಡಿದ್ದಾರೆ. ನಿನ್ನೆ ಮಧ್ಯಾಹ್ನ ಸ್ಕ್ಯಾನ್ ಆಯಿತು. ಇವತ್ತು ಡಾಕ್ಟರಮ್ಮ ಫಿಲ್ಮ್ ಹಿಡಿದು ತೋರಿಸಿದರು. ಬೆನ್ನುಮೂಳೆಯ ಒಂದು ಬಿಲ್ಲೆ ಕುಸಿದು, ಚೂರು ಹಿಂದಕ್ಕೆ ಬಂದು ನರವನ್ನು ಒತ್ತಿದೆ. ಸೊಂಟದಿಂದ ಕೆಳಗೆ ಹೋಗುವ ನರ. ಆಪರೇಷನ್ ತಡೆದುಕೊಳ್ಳುವ ಶಕ್ತಿ ದೇಹದಲ್ಲಿಲ್ಲ. ಎರಡು ಕಾಲೂ ಹೋಗುತ್ತದೆ.

ಮಂಚದ ಒಂದು ಕಡೆ ನಾನು, ಇನ್ನೊಂದು ಕಡೆ ಪ್ರಿಯದರ್ಶಿನಿ. ಡಾಕ್ಟರಮ್ಮ ಕೇಳಿದರು, "ಈ ಒಂದು ವಾರ ಹತ್ತು ದಿನದಲ್ಲಿ ಎಲ್ಲಾದ್ರೂ ಬಿದ್ರಾ ಅಮ್ಮ? ಜೋರಾಗಿ ಏನಾದ್ರೂ ಜರ್ಕ್ ಆಯ್ತಾ?"

ಹೇಳಬೇಕು ಅಂದುಕೊಂಡೆ, ನಿಜವಾಗಿಯೂ ಬಾಯಿ ತೆಗೆದೆ. ಅಷ್ಟರಲ್ಲಿ ಪದ್ಮ ಹೇಳಿದಳು.

"ಒಂದ್ ದಿನ ನಾಯಿ ಅಡ್ಡ ಬಂತು ಡಾಕ್ಟ್ರೇ. ಕಂದು ನಾಯಿ, ಒಂದು ಕಿವಿ ಹರಿದಿತ್ತು. ಮೊಲೆ ಜೋತಾಡ್ತಿತ್ತು, ಮರಿ ಹಾಕಿರ್ಬೇಕು ಪಾಪ. ಇವರು ಬ್ರೇಕ್ ಹಾಕ್ದೇ ಇದ್ದಿದ್ರೆ ಅಲ್ಲೇ ಸತ್ತು ಹೋಗ್ತಿತ್ತು. ಆ ಮರಿಗಳ ಗತಿ ಏನು?"

ಹೇಳುವಾಗ ಮಗಳ ಮುಖವನ್ನೇ ನೋಡುತ್ತಿದ್ದಳು. ನನ್ನ ಕಡೆ ತಿರುಗಲಿಲ್ಲ. ಪ್ರಿಯದರ್ಶಿನಿ ನನ್ನ ಭುಜದ ಮೇಲೆ ಕೈ ಇಟ್ಟು, "ಇನ್ನೇನ್ ಮಾಡೋಕಾಗ್ತಿತ್ತು ಅಪ್ಪಾಜಿ" ಅಂದಳು. ಆ ಕೈ ಕೊಡವಿಬಿಡಬೇಕು ಅನ್ನಿಸಿತು.

ಡಾಕ್ಟರಮ್ಮ ಅಂದರು, "ಅದ್ರಿಂದಲೇ ಆಯ್ತು ಅಂತ ಹೇಳೋಕಾಗಲ್ಲ. ಮೂಳೆ ಒಳಗೇ ಪೊಳ್ಳಾಗಿದೆ. ಜೋರಾಗಿ ಕೆಮ್ಮಿದ್ರೂ ಕುಸೀತಿತ್ತು."

ಕೆಮ್ಮಿ ಕುಸಿದಿದ್ದರೆ ಅದು ಕೆಮ್ಮಿನ ತಪ್ಪು. ಪದ್ಮ ಕೆಮ್ಮಲಿಲ್ಲ.

ಕಂದು ಬಣ್ಣ ಎಲ್ಲಿಂದ ತಂದಳು? ಹರಿದ ಕಿವಿ? ನಾನು ನಾಯಿ ಅಂತ ಮಾತ್ರ ಹೇಳಿದ್ದೆ. ಬೇರೆ ಯಾವತ್ತೋ ನೋಡಿದ ನಾಯಿಯೇ ಕಣ್ಣ ಮುಂದೆ ಬಂದಿರಬಹುದು, ಮಾತ್ರೆಯ ಮಂಪರು ಇರಬಹುದು ಎಂದು ಸಂಜೆಯವರೆಗೆ ನನಗೆ ನಾನೇ ಹೇಳಿಕೊಂಡೆ. ಅಲ್ಲ. ಆ ದಿನ ಅವಳ ಕಣ್ಣು ತೆರೆದಿತ್ತು, ರಸ್ತೆಯಲ್ಲಿ ನಾಯಿ ಇಲ್ಲದ್ದನ್ನು ಅವಳೂ ನೋಡಿದ್ದಳು.

14 ನವೆಂಬರ್, ಶುಕ್ರವಾರ

ಹತ್ತನೇ ಕರೆಂಟ್ ಮುಗಿಯಿತು. ಸ್ಟ್ರೆಚರಿನಲ್ಲಿ ಕರೆದುಕೊಂಡು ಹೋಗಿ ಕರೆದುಕೊಂಡು ಬಂದರು. ನೋವಿಗೆ ಕೊಟ್ಟಿದ್ದು, ಕಾಲಿಗಲ್ಲ ಎಂದರು.

ಸ್ಟ್ರೆಚರ್ ತಳ್ಳುವ ಆಳು ಬಾಗಿಲಿನ ಹೊಸ್ತಿಲಿಗೆ ಗಾಲಿ ಬಡಿಸಿದ. ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ. "ಬಿಡ್ರೀ, ನಂಗೆ ಗೊತ್ತೇ ಆಗ್ಲಿಲ್ಲ," ಅಂದಳು ಪದ್ಮ. ಅದೇ ಅಲ್ಲವೇ ಈಗಿನ ಕಷ್ಟ.

17 ನವೆಂಬರ್, ಸೋಮವಾರ

ಏನೂ ಇಲ್ಲ. ಕಾರು ಆಸ್ಪತ್ರೆಯ ಮರದ ಕೆಳಗೆ ನಿಂತಿದೆ. ಎಲೆ ಬಿದ್ದು ಗಾಜು ಮುಚ್ಚಿದೆ.

18 ನವೆಂಬರ್, ಮಂಗಳವಾರ

ಮಗಳು ಊಟಕ್ಕೆ ಹೋದಾಗ ಕೇಳಿದೆ. "ಆವತ್ತು ಮಾಚೇನಹಳ್ಳಿ ಹತ್ರ..." ಅಂತ ಶುರು ಮಾಡಿದೆ.

"ಕಾಲಿಗೆ ಎಣ್ಣೆ ಹಚ್ಚಿ ಒಂಚೂರು," ಅಂದಳು.

ಹಚ್ಚಿದೆ. ಎರಡೂ ಕಾಲಿಗೆ, ಬೆರಳ ಸಂದಿಗೂ. ಮೂವತ್ತೆರಡು ವರ್ಷದಲ್ಲಿ ಅವಳ ಕಾಲು ಮುಟ್ಟಿದವನಲ್ಲ ನಾನು. ಎಡ ಹಿಮ್ಮಡಿಯಲ್ಲಿ ಹಳೇ ಗಾಯದ ಕಲೆ ಇದೆ. ಯಾವಾಗಿನದು ಅಂದೆ. ಮದುವೆಯಾದ ವರ್ಷ ಕ್ವಾರ್ಟರ್ಸಿನ ನಲ್ಲಿ ಹತ್ತಿರ ಜಾರಿ ಬಿದ್ದಿದ್ದು, ನಿಮ್ಮದು ಅವತ್ತು ಡಬಲ್ ಡ್ಯೂಟಿ ಅಂದಳು. ಎಣ್ಣೆಯ ಬಿಸಿ ಗೊತ್ತಾಗುತ್ತಾ ಅಂತ ಕೇಳಿದೆ. ನೀವು ಹಚ್ಚೋದು ಕಾಣುತ್ತಲ್ಲ ಸಾಕು, ಅಂದಳು.

"ನಿಮ್ದು ಒಂದು ಕಾಲಿಗೆ ರಜೆ, ನನ್ನವು ಎರಡಕ್ಕೂ ರಜೆ. ನಾನೇ ದೊಡ್ಡ ಆಫೀಸರು," ಅಂತ ನಕ್ಕಳು. ನನಗೆ ನಗಲು ಆಗಲಿಲ್ಲ. ಹೊರಗೆ ಹೋಗಿ ಕಾರಿನಲ್ಲಿ ಕೂತು ಅತ್ತೆ. ಅಳುವಾಗಲೂ ಎಡಗಾಲು ಮುಂದಕ್ಕೆ ಚಾಚಿ ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು. ಆ ಕಾಲಿಗೆ ಬಲಗಾಲಿನಿಂದಲೇ ಒದ್ದೆ.

21 ನವೆಂಬರ್, ಶುಕ್ರವಾರ

ಹೊರಟಿದ್ದು 11.15. ತಲುಪಿದ್ದು 12.50. ಕಿ.ಮೀ. 20.

ಮನೆಗೆ ಕಳಿಸಿದರು. ನೋವಿಗೆ ಅಂಟಿಸುವ ಪಟ್ಟಿ ಕೊಟ್ಟಿದ್ದಾರೆ. ಮೂರು ದಿನಕ್ಕೊಂದು ಬದಲಾಯಿಸಬೇಕು. ಎಷ್ಟು ದಿನ ಅಂತ ಮಗಳು ಕಾರಿಡಾರಿನಲ್ಲಿ ಕೇಳಿದಳು. ಡಾಕ್ಟರಮ್ಮ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವಷ್ಟು ದೊಡ್ಡ ಲೆಕ್ಕವೂ ಅಲ್ಲ.

ನಾನೇ ಹೋಗಿ ಆಂಬುಲೆನ್ಸ್ ಗೊತ್ತು ಮಾಡಿದ್ದೆ. ಮಗಳು ನನ್ನ ಮುಖ ನೋಡಿದಳು. ಡ್ರೈವರಿಗೆ ಎಲ್ಲೆಲ್ಲಿ ಹಂಪ್ ಇದೆ, ಎಲ್ಲಿ ಗುಂಡಿ ಇದೆ ಎಂದು ಒಂದು ಚೀಟಿಯಲ್ಲಿ ಬರೆದೂ ಕೊಟ್ಟೆ. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡ. ಓದಲಿಲ್ಲ.

ಪದ್ಮ ಹಟ ಹಿಡಿದಳು. "ನಾನು ಇವರ ಕಾರಲ್ಲೇ ಬರೋದು."

"ಅಮ್ಮ, ಮಲಕ್ಕೊಂಡು ಹೋಗ್ಬಹುದು ಅದ್ರಲ್ಲಿ."

"ಕಾರಲ್ಲೂ ಮಲಕ್ಕೊಂಡೇ ಬರ್ತೀನಿ. ಇನ್ನು ಮುರಿಯೋಕೆ ನನ್ನಲ್ಲಿ ಏನಿದ್ಯೇ?"

ನಾನು ಕೈ ಮುಗಿದೆ. "ಬೇಡ ಕಣೇ ಪದ್ಮಾ. ನನ್ನ ಕೈಲಿ ಆಗಲ್ಲ."

"ಆಗುತ್ತೆ," ಅಂದಳು. ಅಷ್ಟೇ.

ಸೀಟು ಪೂರ್ತಿ ಮಲಗಿಸಿ, ಮೂರು ದಿಂಬು ಇಟ್ಟು, ನಾಲ್ಕು ಜನ ಸೇರಿ ಎತ್ತಿ ಮಲಗಿಸಿದೆವು. ಪ್ರಿಯದರ್ಶಿನಿ ಹಿಂದೆ ಕೂತಳು. ನಾನು ಎಡಗಾಲು ಕಟ್ಟಿಕೊಂಡೆ. ಮಗಳು ನೋಡಿದಳೋ ಇಲ್ಲವೋ.

'ಎಂ'ಗೆ ಹಾಕಿದೆ. ಮೊದಲ ಗೇರಿನಲ್ಲಿ ಆಸ್ಪತ್ರೆಯ ಗೇಟು ದಾಟಿದೆ. ಇಂಜಿನ್ನಿನ ಸದ್ದು ಏರಿತು, ಕಾಲೆತ್ತಿದೆ, ಕಡ್ಡಿ ಸರಿಸಿದೆ, ಎರಡು ಎಣಿಸಿದೆ, ಕಾಲಿಟ್ಟೆ. ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆದವು. ಹೊಡೆಯಲಿ. ಮಲವಗೊಪ್ಪದ ಹಂಪ್‌ಗೆ ನೂರಡಿ ಮೊದಲೇ ಎರಡಕ್ಕೆ ಇಳಿಸಿದೆ, ಕಾರು ತಾನೇ ಮೆತ್ತಗಾಗಿ ಹತ್ತಿ ಇಳಿಯಿತು. ಅವಳ ಬಲಗೈ ನನ್ನ ಪಕ್ಕದಲ್ಲಿ ಅಂಗಾತ ಬಿದ್ದಿತ್ತು. ಬೆರಳು ಒಂದು ಸಲವೂ ಮಡಚಲಿಲ್ಲ.

ನಿದಿಗೆ ದಾಟಿದ ಮೇಲೆ ಪದ್ಮ ಕೇಳಿದಳು, "ಗೇರ್ ಬದಲಾಯಿಸ್ತಿದೀರಾ?"

"ಹೂಂ. ಈಗ ತಾನೆ ಮೂರಕ್ಕೆ ಹಾಕ್ದೆ."

"ಗೊತ್ತೇ ಆಗ್ಲಿಲ್ಲ ಕಣ್ರೀ. ನೀರಲ್ಲಿ ಹೋದಂಗಿದೆ."

ನನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ನಾನು ಯಾವ ಗಾಡಿಯನ್ನೂ ಓಡಿಸಿರಲಿಲ್ಲ. ಇದರಿಂದ ಯಾರಿಗೆ ಏನು ಉಪಯೋಗ?

ಮಾಚೇನಹಳ್ಳಿ ಬಂತು. ಆ ಜಾಗ ಬಂತು. ಕಣ್ಣು ಮಂಜಾಯಿತು. "ಪದ್ಮಾ, ಆವತ್ತು ಇಲ್ಲಿ..." ಅಂದೆ.

"ಮುಂದೆ ನೋಡ್ಕೊಂಡು ಓಡ್ಸಿ," ಅಂದಳು.

23 ನವೆಂಬರ್, ಭಾನುವಾರ

ಕಾರನ್ನು ಹೊಸಮನೆಗೆ ಬಿಟ್ಟು ಬಸ್ಸಿನಲ್ಲಿ ವಾಪಸ್ ಬಂದೆ. ಮಗಳು ರಜೆ ಹಾಕಿ ಇಲ್ಲೇ ಇದ್ದಾಳೆ. ಕಾರು ನಮ್ಮ ಬಾಗಿಲಲ್ಲಿ ನಿಂತು ಮಾಡುವುದೇನೂ ಇಲ್ಲ. ಪದ್ಮ ಇನ್ನು ಯಾವ ಗಾಡಿಯಲ್ಲೂ ಕೂರುವುದಿಲ್ಲ. ಹೋಗುವಾಗ ಒಬ್ಬನೇ ಇದ್ದೆ, ಡಿಗೆ ಹಾಕಿ ಸುಮ್ಮನೆ ಕೂರಬಹುದಿತ್ತು. ಎಂನಲ್ಲೇ ಓಡಿಸಿದೆ. ಸೀಟಿನ ಕಾಲಿಗೆ ಕಟ್ಟಿದ್ದ ಸೀರೆಯ ಅಂಚು ಬಿಚ್ಚಿಕೊಂಡು ಬಂದಿದ್ದೇನೆ.

ಬಂದು ಮಂಚದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೆ. ಪದ್ಮ ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದೆ.

"ಏನ್ರೀ ಅದು, ದಿನಾ ಬರೀತೀರಲ್ಲ?"

"ಟ್ರಿಪ್ಪಿನ ಲೆಕ್ಕ."

"ರಿಟೈರಾದ್ರೂ ಬಿಡ್ಲಿಲ್ಲ ನೋಡಿ." ಆಮೇಲೆ, "ಮೊದಲನೇ ದಿನಾನೂ ಬರ್ದಿದೀರಾ?"

"ಬರ್ದಿದೀನಿ."

"ಓದಿ."

ಓದಿದೆ. ಹೊರಟಿದ್ದು 8.10 ರಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಓದಿದೆ. ಲಾರಿ, ಕ್ಲಚ್, ನನ್ನ ಎಡಗಾಲು, ಅವಳ ಬಾಯಿಂದ ಬಂದ ಶಬ್ದ. ಕೊನೆಗೆ, "ಷರಾ, ನಾಯಿ ಇರಲಿಲ್ಲ." ತಲೆ ಎತ್ತಿ ನೋಡುವ ಧೈರ್ಯ ಬರಲಿಲ್ಲ.

ಒಳಗೆ ಪ್ರಿಯದರ್ಶಿನಿ ಗಂಜಿ ಕಲಕುವ ಸದ್ದು ಕೇಳುತ್ತಿತ್ತು.

"ತಪ್ಪು ಬರ್ದಿದೀರಿ," ಅಂದಳು ಪದ್ಮ. "ತಿದ್ದಿ."

"ಲಾಗ್ ಬುಕ್ಕಲ್ಲಿ ಸುಳ್ಳು ಬರೆಯೋ ಹಾಗಿಲ್ಲ ಕಣೇ."

"ಸುಳ್ಳಲ್ಲ. ನೀವು ರಸ್ತೆ ನೋಡ್ತಿದ್ರಿ, ನಾನು ನಾಯಿ ನೋಡ್ದೆ. ನಾನಿಲ್ದೇ ಹೋದ ಮೇಲೆ ಆ ಪುಸ್ತಕ ಮಗಳ ಕೈಗೆ ಸಿಗುತ್ತೆ. ಅವಳಿಗೆ ಆಮೇಲೆ ಅಪ್ಪ ಒಬ್ರೇ ಇರೋದು. ತಿದ್ದಿ."

ಒಂದೇ ಗೆರೆ ಎಳೆದೆ, ಅಳಿಸಲಿಲ್ಲ, ಕೆಳಗಿರುವುದು ಈಗಲೂ ಓದಲು ಬರುತ್ತದೆ. ಪಕ್ಕದಲ್ಲಿ ಅವಳು ಹೇಳಿದ ಹಾಗೆಯೇ ಬರೆದೆ. ಓದಿ ಹೇಳಿ ಅಂದಳು, ಹೇಳಿದೆ. ಮರಿಗಳ ವಿಷಯ ಬಿಟ್ಟುಹೋಗಿದೆ, ಅದನ್ನೂ ಸೇರಿಸಿ ಅಂದಳು. ಸೇರಿಸಿದೆ.

3-11-2025ರ ಷರಾ, ತಿದ್ದಿದ್ದು: ನಾಯಿ ಇತ್ತು. ಕಂದು ಬಣ್ಣ, ಒಂದು ಕಿವಿ ಹರಿದಿತ್ತು. ಮರಿ ಹಾಕಿದ ನಾಯಿ. ಬದುಕಿತು.

ಸಹಿ: ಷಣ್ಮುಖಪ್ಪ, ಚಾಲಕ.